ಓದಲಾಗದ ಬೆರಳು

ಮೂರನೇ ಸಲವೂ ವಾಪಸು ಬಂತು.
‘ಗೆರೆಗಳು ಓದಲಾಗುತ್ತಿಲ್ಲ, ಮತ್ತೆ ಕಳಿಸಿ’
ಎಂದು ರಾಜಧಾನಿಯ ಕಚೇರಿಯ ಚೀಟಿ.
ಶೆರಿಫ್ ಆಫೀಸಿನ ಹುಡುಗ ಬ್ರ್ಯಾಂಟ್ಲಿ
ನನ್ನ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿ, ಉರುಳಿಸಿ, ಒರೆಸಿ,
ಕೊನೆಗೆ ಸಂಕೋಚದಿಂದ ಕೇಳಿದ:
ಮಿಸ್ ಆರ್ಲೀನ್, ಕೈಗೆ ಏನು ಮಾಡಿಕೊಂಡಿರಿ?

ಏನು ಮಾಡಿಕೊಳ್ಳಲಿ ಮಗು.
ಮೂವತ್ತೊಂದು ವರ್ಷ, ಈ ಕೆಂಟಕಿಯ ಗುಡ್ಡಗಳಲ್ಲಿ,
ಕಲ್ಲಿದ್ದಲ ಲಾರಿಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದೆ.
ಬ್ರೇಕಿನ ಎಣ್ಣೆ, ಸೀಮೆಎಣ್ಣೆ, ತಂತಿ ಬ್ರಷ್ಷು
ದಿನಕ್ಕಿಷ್ಟು ಎಂದು ತಿಂದವು.
ಗಣಿ ಮುಚ್ಚಿತು. ಲಾರಿಗಳನ್ನು ಗುಜರಿಗೆ ಎಳೆದೊಯ್ದರು.
ಗೆರೆ ಮಾತ್ರ ಯಾರೂ ವಾಪಸು ಕೊಡಲಿಲ್ಲ.

ಉಳಿದದ್ದೆಲ್ಲ ಸರಿಯಿದೆ ಎನ್ನಿ.
ಮೀನಿನ ದೋಣಿ ಮಾರಿ ಬಾಂಡಿನ ಹಣ ಕಟ್ಟಿದೆ.
ಮೇಜಿದೆ, ಬೀಗದ ಕಪಾಟಿದೆ,
ಗೋಡೆಗೆ ಕಟ್ಟಿಹಾಕಿದ ಫೋನಿದೆ.
ಮೊಬೈಲು ನಡೆಯುವುದಿಲ್ಲವಂತೆ,
ಸರ್ಕಾರಕ್ಕೆ ಓಡಿಹೋಗದ ಫೋನೇ ಬೇಕಂತೆ.
ಹತ್ತು ಕಾರು ನಿಲ್ಲುವಷ್ಟು ಜಲ್ಲಿ ಹಾಸಿದ್ದೇನೆ,
ಒಂದು ಕಾರೂ ಇಲ್ಲ.
ಲೈಸೆನ್ಸಿಲ್ಲದವಳನ್ನು ಹರಾಜಿನ ಗೇಟಿನೊಳಗೆ ಬಿಡರು.
ಸದ್ಯಕ್ಕೆ ಪಕ್ಕದ ಮನೆಯ ಬಾತುಗಳು
ಸಾಲಾಗಿ ಬಂದು ಜಾಗ ಹಿಡಿದು ಕೂರುತ್ತವೆ.

ಇನ್ಸ್‌ಪೆಕ್ಟರ್ ಪ್ರೂಯಿಟ್ ಬಂದವಳೇ
ಏಣಿ ಹತ್ತಿ ಬೋರ್ಡಿಗೆ ಟೇಪು ಹಿಡಿದಳು.
ಅಕ್ಷರ ಒಂಬತ್ತು ಇಂಚು ಎತ್ತರ ಇರಬೇಕು,
‘ಸ್ಟಿಡಮ್’ ಎಂಟೂವರೆ.
ನಮ್ಮ ಮನೆತನಕ್ಕೆ ಅರ್ಧ ಇಂಚು ಕಮ್ಮಿ ಎಂದು
ಅವಳಿಗೆ ಯಾರು ಹೇಳಿದರೋ.

ಅರ್ಜಿಯ ನಾಲ್ಕನೇ ಪುಟ, ಹದಿನೇಳನೇ ಪ್ರಶ್ನೆ:
ಓಡೋಮೀಟರ್ ತಿದ್ದುವ ಕೆಲಸದಲ್ಲಿ
ನೀವು ಎಂದಾದರೂ ಭಾಗಿಯಾಗಿದ್ದಿರಾ?
ಹೌದು. ಇಲ್ಲ. ಒಂದಕ್ಕೆ ಗುರುತು ಹಾಕಿ.
ಚೌಕ ಬಹಳ ಸಣ್ಣದು,
ನಮ್ಮಪ್ಪ ಹೋಬರ್ಟ್ ಅದರೊಳಗೆ ಹಿಡಿಸುವುದಿಲ್ಲ.

ಚರ್ಚಿನ ಹಿಂದಿನ ಬಯಲಲ್ಲಿ ಕಾರು ಮಾರುತ್ತಿದ್ದ,
ಪ್ರಾರ್ಥನೆ ಮುಗಿದು ಜನ ಮೆತ್ತಗಿರುವ ಹೊತ್ತಿಗೆ.
ಹಿಂದಿನ ರಾತ್ರಿ ಶೆಡ್ಡಿನಲ್ಲಿ
ಡ್ರಿಲ್ಲಿಗೆ ಕೇಬಲ್ ಸಿಕ್ಕಿಸಿ ಮೈಲಿಗಳನ್ನು ಹಿಂದಕ್ಕೆ ಓಡಿಸುತ್ತಿದ್ದ:
ತೊಂಬತ್ತು ಸಾವಿರ, ಎಪ್ಪತ್ತು, ಐವತ್ತು.
ನನಗೆ ಒಂಬತ್ತು ವರ್ಷ. ಟಾರ್ಚು ಹಿಡಿಯುವುದು ನನ್ನ ಕೆಲಸ.
ಅಂಕಿ ಇಳಿದ ಹಾಗೆ ಕಾರು
ಪ್ರಾಯಕ್ಕೆ ಮರಳುತ್ತದೆಂದು ನಂಬಿದ್ದೆ,
ಬೆಳಗಾಗುವುದರೊಳಗೆ ತುಕ್ಕೂ ಉದುರಿಹೋಗುತ್ತದೆಂದು.
ಅಲುಗಿಸಬೇಡ ಕಣೇ, ಎನ್ನುತ್ತಿದ್ದ.
ನಾನು ಅಲುಗಿಸಲಿಲ್ಲ.

ಲೂಲಾ ಫ್ಯೂಗೇಟ್ ಕೊಂಡಳು ಆ ಹಸಿರು ಕಾರು,
ಮೂವತ್ತೆಂಟು ಸಾವಿರದ್ದು.
ಮೂರು ತಿಂಗಳಿಗೆ ಗೇರುಪೆಟ್ಟಿಗೆ ರಸ್ತೆಗೆ ಬಿತ್ತು.
ಆ ಚಳಿಗಾಲವಿಡೀ ಲಾಂಡ್ರಿ ಕೆಲಸಕ್ಕೆ ನಡೆದೇ ಹೋದಳು,
ಹೋಗುತ್ತ ನಾಲ್ಕು ಮೈಲಿ, ಬರುತ್ತ ನಾಲ್ಕು,
ನಮ್ಮ ಮನೆಯ ಮುಂದೆಯೇ.
ಎಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳೋ,
ಅಥವಾ ಗೊತ್ತೇ ಇರಲಿಲ್ಲವೋ,
ನನ್ನನ್ನು ಕಂಡರೆ ಕೈಬೀಸುತ್ತಿದ್ದಳು.
ಆ ಮೈಲಿಗಳನ್ನು ಯಾವ ಮೀಟರೂ ಎಣಿಸಲಿಲ್ಲ.

‘ಹೌದು’ ಎಂದು ಗುರುತು ಹಾಕಿದೆ.
ಜಾಗ ಸಾಲದೆ ಇನ್ನೊಂದು ಹಾಳೆ ಲಗತ್ತಿಸಿದೆ.

ಗೋಡೆಯ ಫೋನು ಮೊದಲ ಸಲ ಬಡಿದುಕೊಂಡಿತು.
ಆಗ ನಿಮಗೆ ವಯಸ್ಸೆಷ್ಟು, ಆ ಕಡೆಯ ಹೆಂಗಸು ಕೇಳಿದಳು.
ಒಂಬತ್ತು.
ಆ ಕಡೆ ಕೀಲಿಮಣೆಯ ಸದ್ದು ನಿಂತಿತು.
ಆಮೇಲೆ, ದನಿ ತಗ್ಗಿಸಿ:
ಹದಿನೈದು ದಿನ ಸ್ಪ್ಯಾನರ್ ಮುಟ್ಟಬೇಡಿ.
ರಾತ್ರಿ ಕೈಗೆ ವ್ಯಾಸಲೀನ್ ಬಳಿದು ಕಾಲುಚೀಲ ಹಾಕಿ ಮಲಗಿ.
ಗೆರೆ ಚಿಗುರುತ್ತವೆ. ಕೆಲವರಿಗೆ.

ಇವತ್ತಿಗೆ ಹನ್ನೊಂದನೆಯ ರಾತ್ರಿ.
ಕಾಲುಚೀಲ ಕಳಚಿ ಟಾರ್ಚು ಹಚ್ಚುತ್ತೇನೆ,
ಈ ಸಲ ನನ್ನದೇ ಕೈಯ ಮೇಲೆ.
ಎಡಗೈಯ ಉಂಗುರದ ಬೆರಳಲ್ಲಿ
ಕೂದಲೆಳೆಯಷ್ಟು ಏನೋ ಕಾಣುತ್ತಿದೆ.
ಗೆರೆಯಿರಬಹುದು. ಗೀರೂ ಇರಬಹುದು.
ಟಾರ್ಚು ಅಲುಗುತ್ತಿದೆ, ಸರಿಯಾಗಿ ಕಾಣದು.